‘ಕಮ್ಮಿ’ ಎನ್ನುತ್ತಲೇ ಇದ್ದ ಯಂತ್ರ

ಆಯುಧಪೂಜೆಯ ಬೆಳಿಗ್ಗೆ ನನ್ನ ಫೋನಿಗೆ ಬಂದ ಮೊದಲ ಸಂದೇಶ ಹಬ್ಬದ ಶುಭಾಶಯದ್ದಾಗಿರಲಿಲ್ಲ. ‘ಕ್ಲೋರಿನ್ ಕಮ್ಮಿ’ ಎಂದಿತ್ತು. ಕಳಿಸಿದ್ದು ಮನುಷ್ಯರೂ ಅಲ್ಲ. ಕಪಿಲೆಯ ದಡದ ಒಂದು ಕುಡಿಯುವ ನೀರಿನ ಘಟಕದಲ್ಲಿ ಗೋಡೆಗೆ ನಾನೇ ನಿಂತು ಕೂರಿಸಿದ್ದ ಪೆಟ್ಟಿಗೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರುವ ಆ ಘಟಕದ ಹೆಸರು ಇಲ್ಲಿ ಬೇಡ. ಹೊಳೆಯಿಂದ ನೀರೆತ್ತಿ, ಪಟಿಕ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಬೆರೆಸಿ ಸುತ್ತಲ ಹಳ್ಳಿಗಳಿಗೂ ನರಸೀಪುರದ ಒಂದಷ್ಟು ಬೀದಿಗಳಿಗೂ ಅದು ನೀರು ಕೊಡುತ್ತದೆ. ಅಲ್ಲಿನ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ ‘ಕೃಷ್ಣ ಕೃಷ್ಣ’ ಎನ್ನುವವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ಮನೆಗೆ ವಾಪಸು ಬರುವವಳು. ‘ನಿನ್ನ ಕರ್ಕೊಂಡು ಬಸ್ ಹಿಡಿಯೋದೂ ಒಂದೇ, ಕಪ್ಪೆ ತಕ್ಕಡಿಗೆ ಹಾಕೋದೂ ಒಂದೇ’ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಕಸುಬಿಗೆ ಅಂಜಿಕೆಯೇ ಬಂಡವಾಳ.

ಕಸುಬು ಹೇಗೆಂದರೆ, ಬಚ್ಚಲಿನಲ್ಲಿ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸುವ ಹಾಗೆ. ಒಂದು ಚೊಂಬು ಸುರಿದು, ಕೈ ಅದ್ದಿ ನೋಡಿ, ಸುಟ್ಟರೆ ಇನ್ನೊಂದು ಚೊಂಬು. ಘಟಕದಲ್ಲಿ ಕೈಯ ಬದಲು ಬೆರಳುಗಾತ್ರದ ಒಂದು ಪ್ರೋಬ್ ಇದೆ. ಶುದ್ಧನೀರಿನ ಸಣ್ಣ ಹರಿವೊಂದಕ್ಕೆ ತುದಿ ತಾಗಿಸಿಕೊಂಡು ಅದು ಕ್ಲೋರಿನ್ ಎಷ್ಟಿದೆಯೆಂದು ಹೇಳುತ್ತದೆ. ಗೋಡೆಯ ಪೆಟ್ಟಿಗೆ ಆ ಮಾತು ಕೇಳಿ, ಕಡಿಮೆಯಿದ್ದರೆ ಕ್ಲೋರಿನ್ ದ್ರಾವಣದ ಪಂಪನ್ನು ಚುರುಕು ಮಾಡುತ್ತದೆ, ಹೆಚ್ಚಿದ್ದರೆ ನಿಧಾನಿಸುತ್ತದೆ. ಹಗಲಿರುಳೂ ಇದೇ ಕೆಲಸ. ತಪ್ಪು ಆಗುತ್ತಿರುವಾಗಲೇ ತಿದ್ದುತ್ತಿರುವುದು. ವಿಮಾನ ನೆಟ್ಟಗೆ ಹಾರುವುದರಲ್ಲೂ ಅಕ್ಕಿ ಗಿರಣಿಯ ಬಾಯ್ಲರ್ ಸಿಡಿಯದೆ ಇರುವುದರಲ್ಲೂ ಇದೇ ಉಪಾಯವಿದೆ. ನೀರಿಗದ್ದಿದ ಕೈಗೆ ಸ್ಪರ್ಶ ಇರುವವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ.

ಮಳೆಗಾಲದ ಕೊನೆಗೆ ‘ಕ್ಲೋರಿನ್ ಕಮ್ಮಿ’ ಸಂದೇಶ ಹೊಸತೇನಲ್ಲ. ಮೇಲೆ ಮಳೆಯಾದರೆ ಹೊಳೆ ಕೆಂಪಾಗಿ ಬರುತ್ತದೆ, ಕೆಸರು ಕ್ಲೋರಿನ್ನನ್ನು ತಿನ್ನುತ್ತದೆ, ಪಂಪ್ ಹೆಚ್ಚು ದುಡಿಯುತ್ತದೆ. ಅದಕ್ಕೆಂದೇ ಪಂಪಿನ ಮೇಲ್ಮಿತಿಯನ್ನು ಸಡಿಲವಾಗಿ ಇಟ್ಟಿದ್ದೆವು. ಫೋನಿನಲ್ಲಿ ರಾತ್ರಿಯಿಂದೀಚಿನ ಗೆರೆಗಳನ್ನು ನೋಡಿದೆ. ಕ್ಲೋರಿನ್ನಿನ ಗೆರೆ ಕೆಳಗೆ ಬಿದ್ದಿತ್ತು. ಪಂಪಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿತ್ತು. ಪಾಪ, ಒಂದೇ ಸಮನೆ ದುಡಿಯುತ್ತಿದೆ ಎಂದುಕೊಂಡು ಫೋನನ್ನು ಬದಿಗಿಟ್ಟೆ.

ನಾನಿದ್ದದ್ದು ನಂಜನಗೂಡಿನ ತವರಿನಲ್ಲಿ. ಹಿಂದಿನ ದಿನ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮುಗಿದಾಗ ಕತ್ತಲಾಗಿದ್ದರಿಂದ ಅವ್ವನ ಮನೆಯಲ್ಲೇ ಉಳಿದಿದ್ದೆ. ಸ್ಕೂಟರ್ ತೊಳೆದು, ಚಕ್ರದಡಿಗೆ ನಿಂಬೆಹಣ್ಣು ಇಡುವವಳಿದ್ದೆ. ನರಸೀಪುರದಲ್ಲಿ ನನ್ನ ಗಂಡ ತಮ್ಮ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ದಿದ್ದರು. ಹಬ್ಬವೆಂದು ಆಸ್ಪತ್ರೆಯವರು ಆ ದಿನದ ಸರದಿಯನ್ನು ಬೆಳಗಿನ ಜಾವಕ್ಕೆ ತಂದಿದ್ದರು. ಆ ಆಸ್ಪತ್ರೆಯ ಹೆಸರೂ ಬೇಡ.

ನನ್ನ ಅತ್ತೆ ಸೋಸಲೆಯ ಕಡೆಯವರು. ಮಾತು ಬಿರುಸು, ಮೈ ಹಗುರ. ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ಮೂತ್ರಪಿಂಡ ಮಾಡುವುದೂ ನನ್ನ ಪೆಟ್ಟಿಗೆ ಮಾಡುವ ಕೆಲಸವನ್ನೇ. ಉಪ್ಪು ಹೆಚ್ಚಾಯಿತೇ, ನೀರು ಹೆಚ್ಚಾಯಿತೇ ಎಂದು ಗಳಿಗೆ ಗಳಿಗೆಗೂ ನೋಡಿ ತಿದ್ದುವುದು. ಅದು ನಿಂತ ಮೇಲೆ ವಾರಕ್ಕೆ ಮೂರು ಸಲ ಯಂತ್ರ ಒಟ್ಟಿಗೆ ತಿದ್ದುತ್ತದೆ. ನಡುವಿನ ದಿನಗಳಲ್ಲಿ ಅತ್ತೆ ತಾವೇ ತಿದ್ದಿಕೊಳ್ಳಬೇಕು, ಅಂದರೆ ನೀರು ಕುಡಿಯುವಂತಿಲ್ಲ. ಬಾಯಾರಿದರೆ ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳುತ್ತಾರೆ. ಆ ಗುಟುಕೇ ಅಂದು ಎಲ್ಲವನ್ನೂ ಬಯಲಿಗೆಳೆಯಿತು.

ನಿಂಬೆಹಣ್ಣು ಕೈಯಲ್ಲಿರುವಾಗ ಗಂಡನ ಫೋನು ಬಂತು. ಮಾತಾಡಿದವರು ಡಯಾಲಿಸಿಸ್ ಹಾಸಿಗೆಯಿಂದಲೇ ಅತ್ತೆ.

“ಏನವ್ವಾ, ಇವತ್ತು ನಿಮ್ ನೀರ್ಗೆ ಏನ್ ಉಯ್ದಿದ್ದೀರಿ? ಬಾಯ್ ಮುಕ್ಕಳ್ಸುದ್ರೆ ಬಚ್ಚಲು ತೊಳ್ಯೋ ಪುಡಿ ಬಾಯ್ಗೆ ಆಕ್ಕಂಡಂಗಾಯ್ತು.”

“ಇಲ್ಲ ಅತ್ತೆ, ಕಮ್ಮಿ ಇದೆ ಅಂತ ಬೆಳಿಗ್ಗೆಯಿಂದ ಯಂತ್ರ ಹೇಳ್ತಾ ಇದೆ.”

“ನಿಮ್ ಯಂತ್ರುಕ್ಕೆ ನೆಗ್ಡಿ ಬಂದದೆ ಬುಡು” ಎಂದು ಅತ್ತೆ ಫೋನನ್ನು ಮಗನಿಗೆ ಕೊಟ್ಟರು.

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಪೆಟ್ಟಿಗೆ ಕಮ್ಮಿ ಎನ್ನುತ್ತಿದೆ, ಅತ್ತೆಯ ಬಾಯಿ ಹೆಚ್ಚು ಎನ್ನುತ್ತಿದೆ. ಪೆಟ್ಟಿಗೆಯದೇ ತಪ್ಪಾಗಿದ್ದರೆ ರಾತ್ರಿಯಿಡೀ ಅದು ಇಲ್ಲದ ಕೊರತೆಯನ್ನು ತುಂಬುತ್ತಾ ಬಂದಿದೆ. ಎಷ್ಟು ತುಂಬಿದರೂ ಕೊರತೆ ಹಾಗೇ ಕಾಣುತ್ತದೆ, ಇನ್ನಷ್ಟು ಸುರಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಕುಡಿಯುವವರಿಗೆ ಒಂದು ದಿನ ಕ್ಲೋರಿನ್ ಹೆಚ್ಚಾದರೆ ವಾಸನೆ, ಗಂಟಲು ಕೆರೆತ, ಬೈಗುಳ. ಡಯಾಲಿಸಿಸ್‌ನಲ್ಲಿ ಹಾಗಲ್ಲ. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ತೆಳುವಾದ ಪೊರೆಯ ಆಚೆ ಬದಿಗೆ ಹರಿಯುತ್ತದೆ, ಈಚೆ ಬದಿಗೆ ರೋಗಿಯ ರಕ್ತ. ಆ ನೀರಿನಲ್ಲಿ ಕ್ಲೋರಿನ್ ಇದ್ದರೆ ಪೊರೆ ದಾಟಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ತಡೆಯಲು ಇದ್ದಿಲು ತುಂಬಿದ ಒಂದು ಸೋಸುಕ ಇರುತ್ತದೆ. ಆದರೆ ಇದ್ದಿಲಿಗೂ ಒಂದು ತಾಳಿಕೆ ಉಂಟು. ಡಯಾಲಿಸಿಸ್ ಯಂತ್ರ ಮಹಾ ಚುರುಕು. ನೀರಿನ ಬಿಸಿ, ಉಪ್ಪಿನಂಶ, ಗಾಳಿಗುಳ್ಳೆ ಎಲ್ಲವನ್ನೂ ನೋಡಿ ಅಲ್ಲೇ ತಿದ್ದಿಕೊಳ್ಳುತ್ತದೆ. ಕ್ಲೋರಿನ್ ಮಾತ್ರ ಅದರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸರದಿ ಶುರುವಾಗುವ ಮುನ್ನ ಟೆಕ್ನಿಷಿಯನ್ ನೀರಿಗೆ ಹನಿ ಹಾಕಿ ಬಣ್ಣ ನೋಡಬೇಕು.

ಗಂಡನಿಗೆ ಹೇಳಿ ಡಯಾಲಿಸಿಸ್ ಟೆಕ್ನಿಷಿಯನ್ ಕೈಗೆ ಫೋನ್ ಕೊಡಿಸಿದೆ. ಶ್ರದ್ಧೆಯ ಹುಡುಗ, ಅತ್ತೆಯನ್ನು ‘ಅಜ್ಜಿ’ ಎನ್ನದೆ ‘ಅಮ್ಮ’ ಎನ್ನುವವನು.

“ಬೆಳಿಗ್ಗೆ ಟೆಸ್ಟ್ ಮಾಡಿದ್ದೀನಿ ಮೇಡಂ. ನಿಲ್. ಬಣ್ಣಾನೇ ಬರಲಿಲ್ಲ.”

“ಸಂಪಿನ ತೊಟ್ಟಿಗೆ ಹೊಸ ನೀರು ಬಿಟ್ಟಿದ್ದು ಯಾವಾಗ?”

“ಟೆಸ್ಟ್ ಆದ್ಮೇಲೆ.”

ಅವನು ಪರೀಕ್ಷಿಸಿದ್ದು ನಿನ್ನೆಯ ನೀರನ್ನು. ಆರು ಹಾಸಿಗೆಗಳ ಹಿಂದೆ ಈಗ ಹರಿಯುತ್ತಿರುವುದು ಈ ರಾತ್ರಿಯ ನೀರು. “ನಿಲ್ಲಿಸಿಬಿಡಿ” ಎನ್ನಲು ಹೊರಟು ತಡೆದೆ. ನನ್ನ ಬಳಿ ಇದ್ದ ಒಂದೇ ಅಳತೆ ಕ್ಲೋರಿನ್ ಕಮ್ಮಿ ಎನ್ನುತ್ತಿತ್ತು. ಅದೇ ನಿಜವಾಗಿದ್ದರೆ ಮುದುಕಿಯೊಬ್ಬಳ ಬಾಯಿರುಚಿ ನಂಬಿ ಆರು ಜನರ ಡಯಾಲಿಸಿಸ್ ಕೆಡಿಸಿದಂತಾಗುತ್ತದೆ. ಅವರಲ್ಲಿ ಒಬ್ಬರು ಬನ್ನೂರಿನಿಂದ ಬರುವವರು, ಹಿಂದಿನ ಸರದಿ ತಪ್ಪಿಸಿಕೊಂಡು ಕಾಲು ಊದಿಸಿಕೊಂಡು ಬಂದಿದ್ದರೆಂದು ಗಂಡ ಆಗಷ್ಟೇ ಹೇಳಿದ್ದರು. ಅವರಿಗೆ ಇವತ್ತೂ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು. ಅತ್ತ ದರಿ, ಇತ್ತ ಪುಲಿ.

“ಬೈಪಾಸ್ ಇದೆಯಲ್ಲಾ?” ಎಂದೆ.

ಅವನಿಗೆ ತಕ್ಷಣ ಹೊಳೆಯಿತು. ಬೈಪಾಸ್‌ಗೆ ಹಾಕಿದರೆ ನೀರು ಪೊರೆಯ ಕಡೆಗೆ ಹೋಗದೆ ನೇರ ಹೊರಗೆ ಹೋಗುತ್ತದೆ. ರಕ್ತ ಮಾತ್ರ ಹೆಪ್ಪುಗಟ್ಟದಂತೆ ಸುತ್ತುತ್ತಿರುತ್ತದೆ. ಯಾರ ಸರದಿಯೂ ಮುರಿಯುವುದಿಲ್ಲ, ಒಂದಷ್ಟು ಹೊತ್ತು ಸಿಗುತ್ತದೆ.

“ಆರನ್ನೂ ಹಾಕ್ತೀನಿ ಮೇಡಂ. ಆಮೇಲೆ ಇದ್ದಿಲು ದಾಟಿ ಬರೋ ನೀರು ಟೆಸ್ಟ್ ಮಾಡಿ ಹೇಳ್ತೀನಿ. ಡಾಕ್ಟ್ರಿಗೂ ಫೋನ್ ಮಾಡ್ತೀನಿ” ಎಂದವನೇ ಓಡಿದ.

ಸ್ಕೂಟರ್ ಹತ್ತಿದೆ. ಚಕ್ರದಡಿ ನಿಂಬೆಹಣ್ಣು ಇಡದೆ ಹೊರಟಿದ್ದಕ್ಕೆ ಅವ್ವ ಹಿಂದಿನಿಂದ ಕೂಗುತ್ತಿದ್ದಳು. ಸುತ್ತೂರಿನ ಕಡೆಯ ರಸ್ತೆಯಲ್ಲಿ ತೊಳೆದು ನಿಲ್ಲಿಸಿದ ಟ್ರಾಕ್ಟರುಗಳು, ಮುಂದೆ ಕಟ್ಟಿದ ಬಾಳೆಕಂದು, ಅಲ್ಲಲ್ಲಿ ಒಡೆದ ಬೂದುಗುಂಬಳಕಾಯಿ. ಚೂರಿನ ಮೇಲೆ ಹತ್ತಿಸಿದರೆ ಜಾರುತ್ತೇನೆಂಬ ಭಯ, ನಿಧಾನಿಸಿದರೆ ತಡವಾಗುತ್ತದೆಂಬ ಭಯ. ಘಟಕದವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಫೋನೂ ಪೂಜೆಗೆ ಕೂತಿತ್ತೆಂದು ಆಮೇಲೆ ತಿಳಿಯಿತು.

ದಾರಿಯಲ್ಲಿ ನಿಂತು ಘಟಕದ ಉಸ್ತುವಾರಿಗೆ ಫೋನ್ ಮಾಡಿದೆ. ನರಸೀಪುರದ ಮನೆಯಲ್ಲಿದ್ದರು. ಊರುಗಳಿಗೆ ಹೋಗುವ ನೀರನ್ನು ನಿಲ್ಲಿಸಲು ಅವರ ಮಾತು ಬೇಕು.

“ಏನಮ್ಮಾ ನೀವು! ನಂಗೂ ಮೆಸೇಜ್ ಬಂದದೆ, ಕ್ಲೋರಿನ್ ಕಮ್ಮಿ ಅಂತ. ನೀವು ನೋಡುದ್ರೆ ಪಂಪ್ ನಿಲ್ಸಿ ಅಂತೀರಿ. ನಾಳೆ ವಾಂತಿಭೇದಿ ಆದ್ರೆ ಯಾರು ಜವಾಬ್ದಾರಿ? ಹಬ್ಬದ ದಿನ ನೀರು ನಿಲ್ಸುದ್ರೆ ನಮ್ ಮನೆ ಮುಂದೆ ಬಿಂದಿಗೆ ಇಟ್ಕೊಂಡು ಕೂತ್ಕತಾರೆ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. “ಸಾ, ನಿಮ್ಮನೆ ನಲ್ಲೀಗೂ ಇದೇ ನೀರು. ಒಂದು ಸಲ ತಿರುಗಿಸಿ ಮೂಸಿ ನೋಡಿ” ಎಂದೆ.

ನಡೆದುಹೋದ ಸದ್ದು, ನಲ್ಲಿಯ ಸದ್ದು, ಆಮೇಲೆ ಕೆಮ್ಮು.

“ನಿಲ್ಸಿ ನಿಲ್ಸಿ. ನಾ ವಾಟರ್‌ಮ್ಯಾನ್‌ಗಳ್ಗೆ ಹೇಳ್ತೀನಿ” ಎಂದರು.

ಘಟಕದ ಬಾಗಿಲಲ್ಲಿ ಮಾವಿನ ತೋರಣ. ಆಪರೇಟರ್ ಒಬ್ಬನೇ ಇದ್ದ. ಐವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಹಣೆಗೆ ವಿಭೂತಿ. ಒಳಗೆ ದೇವರ ಪಟದ ಮುಂದೆ ಸ್ಪ್ಯಾನರು, ಪೈಪ್ ರೆಂಚು, ಅವುಗಳ ಪಕ್ಕದಲ್ಲೇ ನೀರಿಗೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಪೆಟ್ಟಿಗೆ, ಮೇಲೆ ಸೇವಂತಿಗೆ. ಗೋಡೆಯ ಪೆಟ್ಟಿಗೆಗೆ ಪರದೆ ಮುಚ್ಚುವಷ್ಟು ದಪ್ಪ ಹಾರ. ಕ್ಲೋರಿನ್ ವಾಸನೆಗೆ ಕಣ್ಣು ಉರಿಯಿತು. ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ. ವರ್ಷಗಟ್ಟಲೆ ಅದೇ ಗಾಳಿಯಲ್ಲಿದ್ದವನು.

“ಬನ್ನಿ ಮೇಡಮ್ಮೋರೆ, ಹಬ್ಬದ್ ದಿನ ಬಂದ್ರಿ. ಕಡ್ಲೆಪುರಿ ತಕ್ಕಳಿ.”

“ಮೊದಲು ಕ್ಲೋರಿನ್ ಪಂಪ್ ನಿಲ್ಸಿ. ಟೆಸ್ಟ್ ಪೆಟ್ಟಿಗೆ ಕೊಡಿ.”

ಅವನ ಮುಖ ಸಣ್ಣದಾಯಿತು. “ಅಯ್ಯೋ, ಪೂಜೆ ಮಾಡಿ ಮಡಗಿವ್ನಿ. ನಾಳೆ ಕದಲ್ಸೋಗಂಟ ಕೈಯಿಕ್ಕಂಗಿಲ್ಲ.”

“ಪಂಪ್ ಓಡ್ತಾ ಇದೆಯಲ್ಲಪ್ಪ!”

“ಓಡ್ತಿರದು ಓಡ್ಲಿ, ಜನುಕ್ಕೆ ನೀರು ಬೇಕಲ್ಲ. ನಾವ್ ಮುಟ್ಟಬಾರ್ದು, ಅಷ್ಟೆಯ.”

ಗದರಿಸಿ ಹಾರ ಕಿತ್ತೆಸೆಯಬಹುದಿತ್ತು. ನಿಜ ಹೇಳುತ್ತೇನೆ, ನನಗೂ ಕೈ ಬರಲಿಲ್ಲ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆ ಕದಲಿಸುವ ತನಕ ಮುಟ್ಟಬಾರದೆಂದು ನನ್ನ ಮನೆಯಲ್ಲೂ ಕಲಿಸಿದ್ದು. ಅತ್ತೆ ಯಂತ್ರಕ್ಕೆ ಜೋಡಿಸಿಕೊಂಡು ಮಲಗಿರುವ ಹೊತ್ತಿನಲ್ಲಿ ಇಲ್ಲಿ ಅಪಚಾರ ಮಾಡಿದರೆ ಏನಾದೀತೋ ಎಂದು ಮನಸ್ಸು ಹಿಂಜರಿಯಿತು. ಕಲಿತ ಓದು ಇಂಥ ಹೊತ್ತಿಗೆ ಎಲ್ಲಿ ಹೋಗಿರುತ್ತದೋ.

“ನೋಡಿ, ನಮ್ಮತ್ತೆ ನರಸೀಪುರದಲ್ಲಿ ಡಯಾಲಿಸಿಸ್‌ಗೆ ಮಲಗಿದ್ದಾರೆ. ಈ ನೀರೇ ಅಲ್ಲಿಗೆ ಹೋಗ್ತಿದೆ. ಕ್ಲೋರಿನ್ ಜಾಸ್ತಿಯಾದ್ರೆ ಮೈಯೊಳಗೆ ರಕ್ತ ಒಡೆದುಹೋಗುತ್ತೆ” ಎಂದೆ.

ಅವನು ನನ್ನನ್ನೇ ನೋಡಿದ. “ಹಂಗಾರೆ ತಡೀರಿ. ಈಗ್ಲೇ ಕದಲಿಸ್ಬುಡನ.” ತಟ್ಟೆಯಿಂದ ಅಕ್ಷತೆ ತೆಗೆದು ಆಯುಧಗಳ ಮೇಲೆ ಹಾಕಿದ. ಒಂದೊಂದನ್ನೂ ಉತ್ತರಕ್ಕೆ ಒಂದು ಬೆರಳಿನಷ್ಟು ಸರಿಸಿದ. “ಒಂದಿನ ಮುಂಚೆ ಕದಲಿಸ್ತಾ ಇವ್ನಿ, ಒಟ್ಟೆಗಾಕ್ಕೊ ತಾಯಿ” ಎಂದು ಕೈಮುಗಿದ. ನಾನೂ ಮುಗಿದೆ. ಗೋಡೆಯ ಪೆಟ್ಟಿಗೆಯನ್ನು ಸರಿಸಲಾಗದ್ದರಿಂದ ಅದರ ಹಾರವನ್ನು ಸ್ವಲ್ಪ ಸರಿಸಿ, ತೆಗೆದು ನನ್ನ ಕೈಗೆ ಕೊಟ್ಟ. ಅಷ್ಟಾದ ಮೇಲೆ ಅವನ ಕೈ ನನ್ನ ಕೈಗಿಂತ ಚುರುಕಾಯಿತು.

ಪೆಟ್ಟಿಗೆಯನ್ನು ಸ್ವಯಂಚಾಲಿತದಿಂದ ಕೈಚಾಲನೆಗೆ ತಿರುಗಿಸಿ ಕ್ಲೋರಿನ್ ಪಂಪನ್ನು ನಿಲ್ಲಿಸಿದೆವು. ಗಾಜಿನ ನಳಿಕೆಗೆ ನೀರು ಹಿಡಿದು ಹನಿ ಹಾಕಿದೆ. ಸರಿಯಾದ ನೀರಾಗಿದ್ದರೆ ತೆಳು ಹಳದಿ ಬರಬೇಕು. ನಮಗೆ ಬಂದದ್ದು ಕಿತ್ತಳೆಯ ಸಿಪ್ಪೆಯ ಬಣ್ಣ. ಹೋಲಿಸಿ ನೋಡಲು ಪೆಟ್ಟಿಗೆಯ ಪಟ್ಟಿಯಲ್ಲಿ ಅಂಥ ಬಣ್ಣವೇ ಇರಲಿಲ್ಲ.

ಪ್ರೋಬನ್ನು ಬಿಚ್ಚಿದೆ. ಲೋಹದ ಮೈ ದೀಪಾಳೆ ಕಂಬದಂತೆ ಹೊಳೆಯುತ್ತಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ತುದಿಯಲ್ಲಿ ಉಗುರಿಗಿಂತ ತೆಳುವಾದ ಪೊರೆಯಿದೆ. ಅದರ ಮೂಲಕ ಕ್ಲೋರಿನ್ ಒಳಗೆ ಇಳಿದರೆ ತಾನೇ ಅಳತೆ. ಆ ಪೊರೆಯ ಮೇಲೆ ತೇಯ್ದ ಗಂಧ. ಮೇಲಿನದು ನೀರಿಗೆ ಕೊಚ್ಚಿಹೋಗಿ, ಉಳಿದದ್ದು ಪೊರೆಯೊಳಕ್ಕೆ ಇಳಿದು ಗಟ್ಟಿಯಾಗಿತ್ತು. ನಡುವೆ ಇಟ್ಟಿದ್ದ ಕುಂಕುಮದ ಬೊಟ್ಟು ಕ್ಲೋರಿನ್ನಿಗೆ ಬಣ್ಣ ಕಳೆದುಕೊಂಡು ಬಿಳಿಚಿತ್ತು. ಅತ್ತೆ ಹೇಳಿದ ನೆಗಡಿ ಇದೇ.

“ಇದಕ್ಕೆ ಯಾಕಪ್ಪ ಗಂಧ ಹಚ್ಚಿದ್ರಿ?”

“ನೀವೇ ಯೋಳ್ತಿರ್ಲಿಲ್ವಾ ಮೇಡಮ್ಮೋರೆ, ಇದು ಘಟಕದ್ ಮೂಗು, ಇದಿದ್ರೇನೆ ಎಲ್ಲಾ ಅಂತ. ಮಿಕ್ಕುದ್ಕೆಲ್ಲ ಬರೀ ಕುಂಕುಮ. ಇದ್ಕೆ ಮಾತ್ರ ಗಂಧ ತೇಯ್ದು ಮಡಗ್ದೆ, ನಿನ್ನೆ ಸಂಜೆ. ಹೊರಗ್ ಬಿಡಂಗಿಲ್ವಲ್ಲ, ಅಂಗೇ ವಾಪಸ್ ಸಿಗಿಸ್ದೆ.”

ಏನೆಂದು ಬೈಯಲಿ? ಅಷ್ಟು ಉಪಕರಣಗಳಲ್ಲಿ ಅತಿ ಹೆಚ್ಚು ಗೌರವ ಸಿಕ್ಕಿದ್ದು ನಾನು ಅತಿ ಮುಖ್ಯವೆಂದು ಹೇಳಿಕೊಟ್ಟಿದ್ದಕ್ಕೇ. ದಿನಾ ಕೈಯಲ್ಲಿ ಮಾಡುವ ಬಣ್ಣದ ಪರೀಕ್ಷೆಯಾದರೂ ನಡೆದಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಆ ಪೆಟ್ಟಿಗೆಯೂ ದೇವರ ಮುಂದೆ ಕೂತಿತ್ತು. ಎರಡು ಕಾವಲಿನಲ್ಲಿ ಒಂದು ಕುರುಡಾಗಿ, ಇನ್ನೊಂದು ರಜೆಯಲ್ಲಿತ್ತು.

ಅಷ್ಟರಲ್ಲಿ ಟೆಕ್ನಿಷಿಯನ್ ಫೋನು ಬಂತು. “ಹಳದಿ ಬಂತು ಮೇಡಂ, ಇದ್ದಿಲು ದಾಟಿದ ನೀರಲ್ಲೂ. ಡಾಕ್ಟರ್ ಎಲ್ಲಾರ್ದೂ ನಿಲ್ಲಿಸೋಕೆ ಹೇಳಿದ್ದಾರೆ.”

“ರಕ್ತದ ಬಣ್ಣ?” ಎಂದೆ. ಕಣಗಳು ಒಡೆದಿದ್ದರೆ ನಳಿಕೆಯಲ್ಲಿರುವ ರಕ್ತದ ಮಂಕು ಹೋಗಿ, ಕೆಂಪು ಗಾಜಿನ ಬಳೆಯ ಹಾಗೆ ಆಚೆಯದು ಕಾಣುತ್ತದೆ. ಅಂಥ ರಕ್ತವನ್ನು ಮೈಗೆ ವಾಪಸು ಬಿಡುವಂತಿಲ್ಲ.

“ನೋಡ್ತಿದ್ದೀನಿ. ಒಂದನೇ ಬೆಡ್ ಸರಿಯಾಗಿದೆ… ಬನ್ನೂರಿನವರದು ಸರಿಯಾಗಿದೆ…” ಅವನು ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅತ್ತೆಯದು ಕಿಟಕಿಯ ಪಕ್ಕದ ಕೊನೆಯ ಹಾಸಿಗೆ. ಅಲ್ಲಿ ಸದ್ದು ನಿಂತಿತು. ನಾನು ಕಾದೆ.

“ಮೇಡಂ… ಅಮ್ಮನ ಲೈನ್ ತಿಳಿಯಾಗಿ ಕಾಣ್ತಿದೆ. ಎಲ್ಲರಿಗಿಂತ ಮೊದಲು ಹಾಕಿದ್ದು ಅವರಿಗೇ. ಬೆನ್ನು ನೋವು ಅಂತಿದ್ದಾರೆ.”

ಮುಂದಿನದನ್ನು ಗಂಡ ಹೇಳಿದರು. ಆ ನಳಿಕೆಗಳಲ್ಲಿದ್ದ ಒಂದು ಲೋಟದಷ್ಟು ರಕ್ತವನ್ನು ಚೆಲ್ಲಬೇಕಾಯಿತು, ಮೊದಲೇ ರಕ್ತ ಸಾಲದ ಹೆಂಗಸಿನದು. ಒಡೆದ ಕಣಗಳಿಂದ ಹೊರಬರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಮೈಸೂರಿಗೆ ಒಯ್ದು ಶುದ್ಧವಾದ ನೀರಿನಲ್ಲಿ ಮತ್ತೆ ಡಯಾಲಿಸಿಸ್ ಮಾಡಬೇಕು, ರಕ್ತ ಕೊಡಬೇಕು. ಆಂಬುಲೆನ್ಸ್ ಬರುತ್ತಿದೆ, ಬನ್ನೂರಿನವರನ್ನೂ ಅದರಲ್ಲೇ ಕಳಿಸುತ್ತಾರೆ. “ನೀನು ಎಲ್ಲಿದ್ದೀಯೇ? ಬೇಗ ಬಾರೇ” ಎಂದರು.

ಸ್ಕೂಟರ್ ಕೀಲಿ ಕೈಗೆ ತೆಗೆದುಕೊಂಡೆ.

“ನೀವ್ ಓಗಿ ಮೇಡಮ್ಮೋರೆ, ನಾನ್ ನೋಡ್ಕತೀನಿ” ಎಂದ ಆಪರೇಟರ್. ಹೇಳುವಾಗ ಅವನ ಕೈಯಲ್ಲಿದ್ದ ಗಾಜಿನ ನಳಿಕೆ ಕಟಕಟನೆ ಮೇಜಿನ ಅಂಚಿಗೆ ತಾಗುತ್ತಿತ್ತು. ತಾನು ಇಟ್ಟ ಗಂಧ ಎಲ್ಲಿಗೆ ಮುಟ್ಟಿತೆಂದು ಅವನಿಗೆ ಆಗ ತಿಳಿದಿತ್ತು.

ಕ್ಲೋರಿನ್ ಪಂಪ್ ನಿಂತಿತ್ತು. ಕಿತ್ತಳೆ ಬಣ್ಣ ತೋರಿಸಿದ ನೀರನ್ನು ಕೊಳವೆಗಳಿಂದ ಹೊರಗೆ ಬಿಟ್ಟ ಮೇಲೆ ಹಿಂದೆ ಬರುವ ನೀರಿನಲ್ಲಿ ಕ್ಲೋರಿನ್ ಇರುವುದೇ ಇಲ್ಲ. ಹೊಳೆ ಕೆಂಪಗಿದೆ. ಊರುಗಳಿಗೆ ನೀರು ಬಹಳ ಹೊತ್ತು ನಿಲ್ಲಿಸುವಂತಿಲ್ಲ, ಬಿಟ್ಟರೆ ವಾಂತಿಭೇದಿ. ಪ್ರೋಬ್ ಸತ್ತಿದೆ, ಬೇರೆಯದು ಮೈಸೂರಿನಿಂದ ಬರಬೇಕು. ಅಲ್ಲಿಯವರೆಗೆ ಪ್ರೋಬೂ ಪೆಟ್ಟಿಗೆಯೂ ಮನುಷ್ಯರೇ ಆಗಬೇಕು. ನೀರು ಹಿಡಿದು, ಬಣ್ಣ ನೋಡಿ, ಪಂಪನ್ನು ಇಷ್ಟೇ ಇಷ್ಟು ತಿರುಗಿಸಿ, ಆ ನೀರು ಕೊನೆಯ ನಲ್ಲಿಗೆ ಬರುವ ತನಕ ಕಾದು, ಮತ್ತೆ ನೋಡುವುದು. ಅವನ ನಡುಗುವ ಕೈಗೆ ಅದನ್ನು ಬಿಟ್ಟು ಹೋಗುವುದೇ? ಹೋಗದಿದ್ದರೆ, ಅತ್ತೆಗೆ ಹೆಚ್ಚುಕಡಿಮೆಯಾದರೆ?

ಗಂಡನಿಗೆ ಫೋನ್ ಮಾಡಿದೆ. ಅತ್ತೆಯನ್ನು ಸ್ಟ್ರೆಚರಿಗೆ ಹಾಕುತ್ತಿದ್ದರು. ಫೋನನ್ನು ಅವರ ಕಿವಿಗೆ ಇಡಿಸಿದೆ.

“ಅತ್ತೆ, ನಾನು…”

“ಬಂದು ಏನ್ ಮಾಡೀಯೆ, ಕಾಲ್ ಒತ್ತೀಯಾ?” ದನಿ ಸಣ್ಣದಾಗಿತ್ತು, ಬಿರುಸು ಹೋಗಿರಲಿಲ್ಲ. “ಅಲ್ಲೇ ಇರು. ನಾಳೆ ನಾ ಬಾಯ್ ಮುಕ್ಕಳ್ಸೋದು ಅದೇ ನೀರ್ನಲ್ಲಿ.”

ಕೀಲಿಯನ್ನು ಮೇಜಿನ ಮೇಲಿಟ್ಟೆ. ಧೈರ್ಯದಿಂದ ಉಳಿದೆನೆಂದು ಯಾರೂ ತಿಳಿಯಬಾರದು. ಅಲ್ಲಿಗೆ ಹೋಗಿ ಅವರ ಮುಖ ನೋಡುವುದಕ್ಕಿಂತ ಇಲ್ಲಿ ನಳಿಕೆಯ ಬಣ್ಣ ನೋಡುವುದು ನನ್ನಿಂದ ಆಗುವ ಕೆಲಸವಾಗಿತ್ತು.

ಬಕೆಟ್ಟನ್ನು ಬೋರಲು ಹಾಕಿ ನಲ್ಲಿಯ ಮುಂದೆ ಕೂತೆ. ಊರುಗಳ ಕಡೆಯ ವಾಲ್ವುಗಳನ್ನು ಆಗಲೇ ಮುಚ್ಚಿದ್ದರು. ಹೆಚ್ಚು ಕ್ಲೋರಿನ್ನಿನ ನೀರನ್ನು ಕೊಳವೆಯ ತಗ್ಗಿನ ಬಾಯಿಗಳಿಂದ ಹೊರಬಿಡಲು ಶುರುಮಾಡಿದ್ದರು. ಕುಡಿಯಬೇಡಿರೆಂದು ಆಟೋದಲ್ಲಿ ಮೈಕು ಕಟ್ಟಿ ಸಾರುತ್ತಿದ್ದರಂತೆ. ನಾನು ನೀರು ಹಿಡಿದೆ, ಹನಿ ಹಾಕಿದೆ. ಕಿತ್ತಳೆ. ಕಾದೆ. ದಟ್ಟ ಹಳದಿ. ಕಾದೆ. ತೆಳು ಹಳದಿ. ಆಮೇಲೆ ಬಣ್ಣವೇ ಇಲ್ಲ. ಪಂಪನ್ನು ಮೆಲ್ಲಗೆ ಶುರುಮಾಡಿದೆ. ನೋಡಿದರೆ ಬಣ್ಣ ಬರಲಿಲ್ಲ. ಗಾಬರಿಯಲ್ಲಿ ಇನ್ನೊಂದು ಸುತ್ತು ತಿರುಗಿಸಿಬಿಟ್ಟೆ. ಮೊದಲು ತಿರುಗಿಸಿದ್ದರ ನೀರೇ ಇನ್ನೂ ನಲ್ಲಿಗೆ ತಲುಪಿರಲಿಲ್ಲ. ಎರಡೂ ಸೇರಿ ಬಂದಾಗ ಮತ್ತೆ ದಟ್ಟ ಹಳದಿ. ಅಂಜುಬುರುಕರು ತಿದ್ದುವಾಗ ಮಾಡುವ ತಪ್ಪೇ ಇದು. ತಿದ್ದಿದ್ದರ ಫಲ ಕಣ್ಣಿಗೆ ಬೀಳುವ ಮೊದಲೇ ಮತ್ತೊಮ್ಮೆ ತಿದ್ದುತ್ತೇವೆ. ಪೆಟ್ಟಿಗೆಗೆ ಆ ತಾಳ್ಮೆಯನ್ನು ನಾನೇ ಕಲಿಸಿದ್ದೆ. ನನಗೆ ಬಂದಿರಲಿಲ್ಲ.

“ಒಂದ್ ಕಿತ ತಿರುಗ್ಸುದ್ ಮೇಲೆ ನಿಮ್ ಕೈ ನಿಮ್ ತೊಡೆ ಮ್ಯಾಲಿರ್ಲಿ ಮೇಡಮ್ಮೋರೆ” ಎಂದು ಆಪರೇಟರ್ ನಳಿಕೆ ತೊಳೆದು ಕೊಟ್ಟ. ಅವನ ಕೈಯೂ ಸ್ಥಿಮಿತಕ್ಕೆ ಬಂದಿತ್ತು. ಅವನು ನೀರು ಹಿಡಿಯುವುದು, ನಾನು ಬಣ್ಣ ನೋಡುವುದು. ನಾನು ತಿರುಗಿಸುವುದು, ಅವನು ನನ್ನನ್ನು ಕಾಯಿಸುವುದು. ನಡುವೆ ಇಬ್ಬರೂ ಫೋನಿನ ಕಡೆ ನೋಡುವುದು. ಅದು ಹೊಡೆದುಕೊಳ್ಳಲಿಲ್ಲ. ನಳಿಕೆಯಲ್ಲಿ ಮೂರು ಸಲ ಒಂದೇ ತೆಳು ಹಳದಿ ನಿಂತ ಮೇಲೆ ಊರುಗಳಿಗೆ ನೀರು ಬಿಡಿ ಎಂದೆವು. ಮಧ್ಯಾಹ್ನ ಹೊರಳಿದ ಮೇಲೆ ಘಟಕದ ಇನ್ನೊಬ್ಬ ಆಪರೇಟರ್ ಮೈಸೂರಿನಿಂದ ಹೊಸ ಪ್ರೋಬ್ ಹಿಡಿದು ಬಂದ. ಕೂರಿಸಿ, ಬಣ್ಣಕ್ಕೆ ಹೋಲಿಸಿ, ಒಪ್ಪಿದ ಮೇಲೆ ಪೆಟ್ಟಿಗೆಗೆ ಅಧಿಕಾರ ವಾಪಸು ಕೊಟ್ಟೆ.

ಮೈಸೂರಿನ ಆಸ್ಪತ್ರೆ ತಲುಪಿದಾಗ ಸಂಜೆ. ಊರೆಲ್ಲ ದಸರಾ ದೀಪ. ಗಂಡ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖದಿಂದ ಏನನ್ನೂ ಓದಲಾಗಲಿಲ್ಲ. ‘ಒಳಗೆ ಹೋಗು’ ಎಂದು ಕೈಯಾಡಿಸಿದರು. ಅತ್ತೆಗೆ ರಕ್ತ ಏರುತ್ತಿತ್ತು. ಮುಖ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿ, “ನೆಗ್ಡಿ ಓಯ್ತಾ?” ಎಂದರು. ನಾನು ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ. ಒತ್ತು ಎಂದು ಹೇಳದೆಯೇ ಕಾಲು ಒತ್ತಿದೆ.

ಆಮೇಲಿನದೆಲ್ಲ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ಪಂಪಿನ ಮೇಲ್ಮಿತಿಯನ್ನು ಬಿಗಿ ಮಾಡಿದೆವು. ಎರಡನೆಯ ಪ್ರೋಬ್ ಬಂತು, ಎರಡರ ಮಾತು ಬೇರೆಯಾದರೆ ಪೆಟ್ಟಿಗೆ ತಿದ್ದುವುದನ್ನು ಬಿಟ್ಟು ಕೂಗಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸಂಪಿಗೆ ನೀರು ಬಿಟ್ಟಾಗಲೆಲ್ಲ ಮತ್ತೆ ಹನಿ ಹಾಕುತ್ತಾರೆ. ಕೆಟ್ಟುಹೋದ ಹಳೆಯ ಪ್ರೋಬನ್ನು ಆಪರೇಟರ್ ಎಸೆಯಲು ಬಿಡಲಿಲ್ಲ. ಮರುವರ್ಷದ ಪೂಜೆಯಲ್ಲಿ ಗಂಧ, ಕುಂಕುಮ, ಹೂವು ಎಲ್ಲ ಅದಕ್ಕೇ. “ಒಳಗಿರದು ಮೂಲಮೂರ್ತಿ, ಇದು ಉತ್ಸವಮೂರ್ತಿ” ಎಂದು ಅವನೇ ಹೇಳಿ ನಕ್ಕ. ಬಣ್ಣದ ಪೆಟ್ಟಿಗೆಯನ್ನು ಈಗ ಪೂಜೆಗೆ ಇಡುವುದಿಲ್ಲ.

ನನ್ನ ಅಂಜಿಕೆ ಮಾತ್ರ ಕಡಿಮೆಯಾಗಿಲ್ಲ. ಫೋನಿನಲ್ಲಿ ಗೆರೆ ನೆಟ್ಟಗೆ ಸುಮ್ಮನೆ ಹೋಗುತ್ತಿದ್ದರೂ ಇದು ನಿಜವೋ, ಮರಗಟ್ಟಿದ ಕೈಯೋ ಎಂದು ಅನುಮಾನ. ಅತ್ತೆಯ ಡಯಾಲಿಸಿಸ್‌ಗೆ ಈಗ ಆದಷ್ಟು ನಾನೇ ಹೋಗುತ್ತೇನೆ. ಟೆಕ್ನಿಷಿಯನ್ ಹನಿ ಹಾಕಿ ‘ನಿಲ್’ ಎಂದರೂ ಅತ್ತೆ ಕೈ ಚಾಚುವುದಿಲ್ಲ. ಮೊದಲು ನಲ್ಲಿಯಿಂದ ಒಂದು ಲೋಟ ನೀರು ತರಿಸುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸುತ್ತಾರೆ. ಬೇಸಿಗೆಯಲ್ಲಂತೂ ತುಟಿ ಒಣಗಿ ಬಿರಿದಿರುತ್ತದೆ.

“ಹೂಂ, ಚುಚ್ಚಪ್ಪ” ಎಂದು, ಒಂದು ಗುಟುಕೂ ಕುಡಿಯದೆ ತುಂಬಿದ ಲೋಟವನ್ನು ನನ್ನ ಕೈಗೆ ಹಿಂದಿರುಗಿಸುತ್ತಾರೆ.